ಮಗನಿಗೆ ಬಹುವಚನ

ಆದವಾನಿಯ ಶಾಲೆಯಲ್ಲಿ ನಮಗೆ ವ್ಯಾಕರಣ ಹೇಳುತ್ತಿದ್ದ ಮೇಷ್ಟ್ರು ಪಾಠವನ್ನು ತೆಲುಗಿನಲ್ಲಿ ಮಾಡಿ, ಏಟನ್ನು ಮಾತ್ರ ಭಾಷಾಭೇದವಿಲ್ಲದೆ ಕೊಡುತ್ತಿದ್ದರು. ‘ನಾನು’ ಎಂಬುದು ಉತ್ತಮ ಪುರುಷ, ‘ನೀನು’ ಎಂಬುದು ಮಧ್ಯಮ ಪುರುಷ ಎಂದು ಅವರು ಹೇಳಿದ ದಿನ, ಲೋಕದಲ್ಲಿ ಉತ್ತಮನು ನಾನೊಬ್ಬನೇ ಎಂದು ತಿಳಿದು ನಾನು ಬಹಳ ಗಂಭೀರನಾಗಿ ಮನೆಗೆ ಬಂದಿದ್ದೆ. ಆದರೆ ಈ ಪುಟ್ಟ ಮಾತುಗಳಿಗೆ ಎಂಥ ಬಲವಿದೆ ಎಂಬುದು ಗೊತ್ತಾದದ್ದು ಶಾಲೆಯಲ್ಲಿ ಅಲ್ಲ, ಮನೆಯಲ್ಲಿ. ನನ್ನ ಅಣ್ಣನನ್ನು ಮಠಕ್ಕೆ ಕೊಟ್ಟ ವರ್ಷ.

ನಮ್ಮದು ಜಂಗಮರ ಮನೆತನ. ಅಪ್ಪ ಹತ್ತಿಯನ್ನು ಒತ್ತಿ ಮೂಟೆ ಕಟ್ಟುವ ಪ್ರೆಸ್ಸಿನಲ್ಲಿ ಗುಮಾಸ್ತ. ಕೌತಾಳಂ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ವಂಶಕ್ಕೆ ಸಂಬಂಧಪಟ್ಟ ಸಣ್ಣ ಮಠವಿತ್ತು. ಅಲ್ಲಿಯ ಹಿರಿಯ ಸ್ವಾಮಿಗಳು ಮುಪ್ಪಾಗಿದ್ದರು. ತಮ್ಮ ನಂತರಕ್ಕೆ ಒಬ್ಬ ಮರಿಸ್ವಾಮಿ ಬೇಕೆಂದು ಅಣ್ಣನನ್ನು ಕೇಳಿದರು. ಇಲ್ಲ ಎನ್ನುವ ರೂಢಿ ನಮ್ಮಲ್ಲಿರಲಿಲ್ಲ. ದೀಕ್ಷೆಯಾದ ಗಳಿಗೆಯಿಂದ ಹುಡುಗ ಗುರು. ಊರವರು, ನೆಂಟರು, ಹೆತ್ತವರು, ಎಲ್ಲರೂ ಅವನಿಗೆ ನಮಸ್ಕರಿಸಬೇಕು, ಬಹುವಚನದಲ್ಲಿ ಮಾತಾಡಬೇಕು.

ದೀಕ್ಷೆಯ ಹಿಂದಿನ ದಿನ ಅಪ್ಪ ಪ್ರೆಸ್ಸಿನಿಂದ ಬೇಗ ಬಂದು, ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿ, ಸರಕಾರಿ ಡಂಗುರ ಸಾರುವವರ ಧಾಟಿಯಲ್ಲಿ ಹೇಳಿದರು.

“ನಾಳಿಂದ ಯಾರೂ ಅವಗ ‘ನೀ’ ಅನ್ನಂಗಿಲ್ಲ.”

“ನಾನೂ?” ಎಂದಳು ಅವ್ವ.

“ನೀನೂ.”

“ಹೆತ್ತಾಕಿ ಅದೀನಿ.”

“ಹೆತ್ತಾಕೀನ ಮೊದಲು ಅನ್ನಬಾರ್ದು. ನಿನ್ನ ನೋಡಿ ಮಂದಿ ಕಲೀತಾರ.”

ಅವ್ವ ದೇವರ ಗೂಡಿನ ಕಡೆ ಕೈ ತೋರಿಸಿದಳು. “ದಿನಾ ಮುಂಜಾನಿ ಶಿವಗ ‘ನೀನ ಕಾಪಾಡಪ್ಪಾ’ ಅಂತೀನಿ. ಶಿವಗ ನೀನು, ನನ್ನ ಮಗಗ ನೀವಾ?”

ಅಪ್ಪ ಶಾಸ್ತ್ರ ಬಲ್ಲವರು. ಯೋಚಿಸಿಯೇ ಉತ್ತರ ಕೊಟ್ಟರು. “ಶಿವಗ ಸಿಟ್ಟು ಬರೂದಿಲ್ಲ. ಭಕ್ತರಿಗೆ ಬರ್ತೈತಿ.”

ಅವ್ವನಿಗೆ ಬೇಕಾಗಿದ್ದದ್ದು ಮಠವೂ ಅಲ್ಲ, ಮಾನವೂ ಅಲ್ಲ. ಮಗ ದೂರ ಹೋಗುವುದಕ್ಕೂ ಆಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಅವನಿಗೆ ‘ನೀ’ ಎನ್ನುವ ಹಕ್ಕನ್ನು ಬಿಟ್ಟುಕೊಡಬೇಕಾದೀತೆಂದು ಯಾರೂ ಮೊದಲೇ ಹೇಳಿರಲಿಲ್ಲ. ಆ ಸಂಜೆ ಊಟ ಬಡಿಸುವಾಗ ಅವ್ವನ ಮಾತು ವಿಚಿತ್ರವಾಗಿತ್ತು. “ನೀ ಕೈ ತೊಳಿ. ನೀ ಇನ್ನೊಂದು ರೊಟ್ಟಿ ಹಾಕ್ಕೋ. ನೀ ನೀರು ಕುಡಿ. ನೀ ಯಾಕ ಹಂಗ ನೋಡ್ತಿ? ನೀ ಉಣ್ಣು.” ಕನ್ನಡದಲ್ಲಿ ಇಷ್ಟು ‘ನೀ’ ಬೇಕಾಗುವುದಿಲ್ಲ, ಕ್ರಿಯಾಪದವೇ ಆ ಕೆಲಸ ಮಾಡುತ್ತದೆ. ಬೇಸಗೆಗೆ ಮೊದಲು ಹರವಿ ಗುಡಾಣಗಳಲ್ಲೆಲ್ಲ ನೀರು ತುಂಬಿಡುತ್ತಾರಲ್ಲ, ಹಾಗಿತ್ತು ಆಕೆಯ ಆತುರ. ಅಣ್ಣನಿಗೆ ಅದೇನೂ ತಿಳಿಯಲಿಲ್ಲ. “ಸಾಕಬೇ, ತಲಿ ತಿನ್ನಬ್ಯಾಡ” ಎಂದ.

ಮರುದಿನ ತಲೆ ಬೋಳಿಸಿ, ಕಾವಿ ಉಡಿಸಿ, ಕಿವಿಯಲ್ಲಿ ಮಂತ್ರ ಹೇಳಿದರು. ಅವ್ವ ಎಲ್ಲರಿಗಿಂತ ಮೊದಲು ಮುಂದೆ ಬಂದು, ಬಾಗಿ, “ಬರ್ರಿ, ಕುಂದರ್ರಿ” ಎಂದಳು. ಬಂದವರು ಯಾರೆಂದು ನೋಡಲು ಅಣ್ಣ ಹಿಂದೆ ತಿರುಗಿದ.

ಇಲ್ಲಿಂದ ಮುಂದೆ ನಾನೂ ಬಹುವಚನದಲ್ಲಿಯೇ ಬರೆಯಬೇಕು. ಲೇಖನಿಗೂ ದೀಕ್ಷೆಯಾಗಿದೆ.

ಮಠಕ್ಕೆ ಹೋಗಲು ಒಳ್ಳೆಯ ದಿನ ಸಿಗುವವರೆಗೆ ಅಣ್ಣನವರು ಕೆಲವು ವಾರ ಮನೆಯಲ್ಲಿಯೇ ಇದ್ದರು. ‘ನಾನು’ ಎನ್ನಬಾರದು, ‘ನಾವು’ ಎನ್ನಬೇಕು ಎಂದು ಹಿರಿಯ ಸ್ವಾಮಿಗಳ ಅಪ್ಪಣೆಯಾಗಿತ್ತು. ಮುಂಜಾನೆ ಎದ್ದು ಅವರು “ನಮಗ ಉಚ್ಚಿ ಬಂದೈತಿ” ಎಂದಾಗ ನನ್ನನ್ನೂ ಏಕೆ ಸೇರಿಸಿಕೊಂಡರೆಂದು ತಿಳಿಯದೆ, ಗೌರವಕ್ಕಾಗಿ ನಾನೂ ಜೊತೆಗೆ ಹೋದೆ. ಗೋಲಿಯಾಟ ಇನ್ನೂ ಕಷ್ಟವಾಯಿತು.

“ಕಳ್ಳಾಟ ಆಡ್ತೀರಿ ನೀವು! ಗೆರಿ ದಾಟೀರಿ!”

“ನಾವು ದಾಟಿಲ್ಲ! ನಮ್ಮ ಆಣಿ!”

ಇಷ್ಟು ಮರ್ಯಾದೆಯಿಂದ ಜಗಳವಾಡಲು ಸಾಧ್ಯವಿಲ್ಲವೆಂದು ಇಬ್ಬರಿಗೂ ಅನ್ನಿಸಿ, ಗೋಲಿಗಳನ್ನು ಎತ್ತಿಟ್ಟೆವು.

ಒಂದು ಮಧ್ಯಾಹ್ನ ಅವರು ಹಿತ್ತಲಿನ ಬೇವಿನ ಮರದ ತುದಿಗೆ ಹತ್ತಿದ್ದರು. ಅವ್ವ ಹೊರಗೆ ಬಂದು ಮೇಲೆ ನೋಡಿದಳು. ಆಕೆಯ ಹಿಂದಿನ “ಲೇ ಮಂಗ್ಯಾ, ಇಳೀತಿಯೋ ಇಲ್ಲೋ, ಕಾಲು ಮುರೀತೀನಿ” ಎಂಬ ಮಾತು ಆ ಮರಕ್ಕೂ ಕಂಠಪಾಠವಾಗಿತ್ತು. ಈಗ ಅವ್ವ ಬಾಯಿ ತೆರೆದಳು, ಮುಚ್ಚಿದಳು, ಕೊನೆಗೆ ಕೂಗಿದಳು: “ಮಂಗ್ಯಾನ ಹಂಗ ಹತ್ತಬ್ಯಾಡ್ರೀ... ಕೆಳಗ ದಯಮಾಡಿಸ್ರಿ!”

ಅವರು ದಯಮಾಡಿಸಿದರು. ಇಳಿದು, ರೂಢಿಯಂತೆ ಬೆನ್ನೊಡ್ಡಿ ನಿಂತರು. ಅವ್ವ ಕೈ ಎತ್ತಲಿಲ್ಲ. ಆ ಕೈಯನ್ನೇ ಜೋಡಿಸಿ ಒಳಗೆ ಹೋದಳು. ಏಟಿಗೆ ಏಕವಚನ ಬೇಕು. ಅಣ್ಣನವರು ಮರದ ಬುಡದಲ್ಲಿ ಕುಳಿತು ಅತ್ತರು. ಹೊಡೆಯದೆ ಹೋದದ್ದಕ್ಕೆ ಅತ್ತವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಅವ್ವನ ತವರು ಎಮ್ಮಿಗನೂರಿನ ಆಚೆ. ಆಕೆಗೆ ತೆಲುಗು ನೀರು ಕುಡಿದಷ್ಟು ಸಲೀಸು. ಮಗನ ಜೊತೆ ತೆಲುಗಿನಲ್ಲಿ ಮಾತಾಡಿ ತಪ್ಪಿಸಿಕೊಳ್ಳುವ ದಾರಿಯನ್ನೂ ಆಕೆ ನೋಡಿರಬೇಕು. ಆದರೆ ಅಲ್ಲಿಯೂ ನೀನಿಗೆ ‘ನುವ್ವು’, ನೀವಿಗೆ ‘ಮೀರು’ ಎಂದು ಅದೇ ಕಾವಲು. ಅಣ್ಣನವರನ್ನು ಮಠಕ್ಕೆ ಕರೆದೊಯ್ಯಲು ಬಂದ ಗಾಡಿ ಹೊಡೆಯುವ ಮುದುಕ ಮಾತ್ರ ದಖ್ಖನಿ ಉರ್ದು ಮಾತಿನವನು. ಕಾವಿ, ಭಸ್ಮ, ಸುತ್ತ ಕೈಮುಗಿದು ನಿಂತ ಮಂದಿ, ಇದಾವುದನ್ನೂ ಲೆಕ್ಕಿಸದೆ, ಚಾಪೆ ಕೊಡವಿ ಹಾಸಿ, “ಆ ಬೇಟಾ, ತೂ ಇಧರ್ ಬೈಠ್” ಎಂದ, ಬಾ ಮಗಾ, ನೀ ಇಲ್ಲಿ ಕೂಡು ಎಂದಂತೆ. ಅಪ್ಪ ಕೆಮ್ಮಿದರು. ಮುದುಕ ನಮ್ಮ ವ್ಯಾಕರಣದ ಸರಹದ್ದಿನ ಹೊರಗಿದ್ದ. ಯಾರೂ ಏನೂ ಅನ್ನುವಂತಿರಲಿಲ್ಲ. ಅವ್ವ ಆತನನ್ನು ನೋಡಿದ ನೋಟ ನನಗೆ ನೆನಪಿದೆ. ಬಂಗಾರದ ಸರ ಹಾಕಿಕೊಂಡ ಹೆಂಗಸರನ್ನೂ ಆಕೆ ಹಾಗೆ ನೋಡಿದವಳಲ್ಲ.

ಎರಡನೆಯ ಮಹಾಯುದ್ಧದ ವರ್ಷಗಳ ಹೊತ್ತಿಗೆ ಅಣ್ಣನವರು ಗಡ್ಡ ಬಿಟ್ಟ ಸ್ವಾಮಿಗಳಾಗಿದ್ದರು. ಹಿರಿಯರು ಲಿಂಗೈಕ್ಯರಾಗಿ ಮಠ ಇವರ ಪಾಲಿಗೆ ಬಂದಿತ್ತು. ನಾನು ಅಪ್ಪನ ಪ್ರೆಸ್ಸಿನಲ್ಲಿಯೇ ಅಪ್ಪನ ಸ್ಟೂಲಿನ ಮೇಲೆ ಕುಳಿತಿದ್ದೆ. ಒಮ್ಮೆ ಆದವಾನಿಗೆ ಬಂದಾಗ ಅವರು ನಮ್ಮ ಮನೆಯಲ್ಲಿ ಪ್ರಸಾದಕ್ಕೆ ಒಪ್ಪಿದರು. ಅವ್ವ ಪಾದ ತೊಳೆದು, ಹೂವೇರಿಸಿ, ನಮಸ್ಕರಿಸಿದಳು. ಭಕ್ತರು ಹೊರಗಿನ ಕಟ್ಟೆಗೆ ಸರಿದರು. ಊಟದ ಮಣೆಯ ಬಳಿ ಉಳಿದವರು ನಾವು ಮೂವರೇ.

ಅಣ್ಣನವರು ಬಾಗಿಲ ಕಡೆ ನೋಡಿ, ಮೆಲ್ಲಗೆ ಕೇಳಿದರು. “ಅವ್ವಾ, ಇಲ್ಲಿ ಯಾರೂ ಇಲ್ಲ. ನನಗೊಮ್ಮೆ ‘ನೀ’ ಅನ್ನು.”

ಅವ್ವ ಬಡಿಸುತ್ತಿದ್ದ ಕೈ ತಡೆದಳು. ಇಷ್ಟು ವರ್ಷ ಆಕೆ ಕಾದಿದ್ದದ್ದು ಇದಕ್ಕೇ ಎಂದು ನನಗೆ ಗೊತ್ತಿತ್ತು. ಆಕೆ ಗಂಟಲು ಸರಿಪಡಿಸಿಕೊಂಡಳು. ತುಟಿ ಅಲುಗಿದ್ದು ಕಂಡಿತು. ಮಗನ ಮುಖ ನೋಡಿದಳು, ಗಡ್ಡ ನೋಡಿದಳು, ಇನ್ನೊಮ್ಮೆ ಪ್ರಯತ್ನಪಟ್ಟಳು. ಒಂದೇ ಅಕ್ಷರದ ಮಾತು. ಎದೆಯ ಮೇಲೆ ಬೀಸುಕಲ್ಲು ಹೊತ್ತವಳಂತೆ ಹೆಣಗಿದಳು.

“ಬಾಯಿಗೆ ಬರವಲ್ದ್ರೀ” ಎಂದಳು. ಅನ್ನುತ್ತಲೇ, ಅದರ ಕೊನೆಗೆ ಅಂಟಿದ್ದ ‘ರೀ’ ತನಗೇ ಕೇಳಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಣ್ಣನವರೂ ನಕ್ಕರು. ಇಬ್ಬರ ಕಣ್ಣಿನಲ್ಲಿಯೂ ನೀರಿತ್ತು. ನಾನು ಬೆರಗಾಗಿ ಕುಳಿತಿದ್ದೆ. ಅಪ್ಪ ತೀರಿಕೊಂಡಿದ್ದರು, ತಡೆಯಲು ಹಿರಿಯರಿರಲಿಲ್ಲ, ಭಕ್ತರಿಗೆ ಕೇಳಿಸುವಂತಿರಲಿಲ್ಲ. ಆದರೂ ಮಾತು ತನ್ನ ಕಾವಲನ್ನು ಬಿಟ್ಟು ಕದಲಲಿಲ್ಲ.

ಅವ್ವ ಕಣ್ಣೊರೆಸಿಕೊಂಡು, ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ತಾಟನ್ನು ಅವರ ಕಡೆ ಸರಿಸಿದಳು.

“ರೊಟ್ಟಿ ಆರಾಕತ್ತೈತಿ” ಎಂದಳು.

ಅದರಲ್ಲಿ ನೀನೂ ಇರಲಿಲ್ಲ, ನೀವೂ ಇರಲಿಲ್ಲ. ಅಣ್ಣನವರು ತಲೆ ತಗ್ಗಿಸಿ ಉಂಡರು.