ಮನೆ ಪಾಸಾದ ದಿನ

ನಮ್ಮ ಮನೆ ಪಾಸಾಯಿತು, ಮೊಮ್ಮಗಳು ಹೊಸ್ತಿಲು ದಾಟಿ ಒಳಗೆ ಬಂದಳು. ಎರಡೂ ಒಂದೇ ದಿನ ಆದವು. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ಆಮೇಲೆ ಸಾವಕಾಶ ಹೇಳಿದರಾಯಿತು. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಸಂತೋಷದ ಸುದ್ದಿಯನ್ನು ಕಡೆಯ ತನಕ ಹಿಡಿದಿಟ್ಟುಕೊಂಡು ಬರೆಯುವ ಕಲೆ ನನಗೆ ಬಂದಿಲ್ಲ.

ಐವತ್ತರ ದಶಕದ ಮಾತು. ಗಜೇಂದ್ರಗಡದ ನಮ್ಮ ನೇಕಾರರ ಓಣಿಗೆ ಆಗಷ್ಟೇ ಕರೆಂಟಿನ ಕಂಬಗಳು ಬಂದಿದ್ದವು. ನಮ್ಮದು ಸಣ್ಣ ಮನೆ. ಮುಂದಿನ ಪಡಸಾಲೆಯಲ್ಲಿ ಕುಣಿಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಸಿ ಕೂತು ನೇಯುವ ಮಗ್ಗ. ಹಿಂದೆ ಅಡುಗೆಮನೆ. ನಡುವಿನ ತೊಲೆಗೆ ತೊಟ್ಟಿಲು ಕಟ್ಟಲಿಕ್ಕೆ ಒಂದು ಕಬ್ಬಿಣದ ಬಳೆ. ನಮ್ಮ ಮಗನೂ ಆ ಬಳೆಗೆ ಕಟ್ಟಿದ ತೊಟ್ಟಿಲಲ್ಲೇ ತೂಗಿಸಿಕೊಂಡವನು.

ಕರೆಂಟು ಬೇಕೆಂದು ಹಟ ಹಿಡಿದವರು ನಮ್ಮ ಮನೆಯವರು. ಸಂಜೆಯಾದರೆ ಎಳೆ ಕಾಣಿಸುತ್ತಿರಲಿಲ್ಲ, ಕಣ್ಣು ಸೋಲುತ್ತಿದ್ದವು. ನರಗುಂದದ ಕಡೆಯ ಒಬ್ಬ ವಾಯರಮನ್ ಬಂದು, ಗೋಡೆಗೆ, ತೊಲೆಗೆ ಕಟ್ಟಿಗೆಯ ಪಟ್ಟಿ ಬಡಿದು, ಅದರ ಮೇಲೆ ಎರಡು ತಂತಿ ಜೋಡಿಯಾಗಿ ಎಳೆದುಕೊಟ್ಟು ಹೋದ. ಮಗ್ಗದ ಮೇಲೊಂದು ಬಲ್ಬು, ಅಡುಗೆಮನೆಗೊಂದು. ಆದರೆ ಕಂಬದಿಂದ ಮನೆಗೆ ಕರೆಂಟು ಕೊಡಬೇಕೆಂದರೆ ರೋಣದಿಂದ ಸಾಹೇಬರು ಬಂದು ತಪಾಸಣೆ ಮಾಡಿ ಪಾಸು ಮಾಡಬೇಕು.

ಆಗ ನಮ್ಮ ಸೊಸೆ ಬಾಣಂತನಕ್ಕೆ ತವರಿನಲ್ಲಿದ್ದಳು. ಅವಳ ತಂದೆ, ನಮ್ಮ ಬೀಗರು, ನರೇಗಲ್ಲಿನ ಕಾಳಿನ ವ್ಯಾಪಾರಿ. ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಮಗಳನ್ನೂ ಕೂಸನ್ನೂ ಕರೆದುಕೊಂಡು ಬಂದರು, ಆದರೆ ನಮ್ಮ ಮನೆಗಲ್ಲ. ಎರಡು ಓಣಿ ಆಚೆ ಅವರ ತಂಗಿಯ ಮನೆಯಲ್ಲಿ ಇಬ್ಬರನ್ನೂ ಇಳಿಸಿ, ತಾವೊಬ್ಬರೇ ನಮ್ಮ ಕಟ್ಟೆಗೆ ಬಂದು ಕೂತರು. ಅದು ಸಾಹೇಬರು ಬರುವ ದಿನ.

“ಬೀಗರ, ನಿಮ್ಮ ಮನಿ ನೆಲಾ ನೋಡ್ರಿ, ಕೆರಿ ದಂಡಿ ಇದ್ದಂಗ ಐತಿ,” ಎಂದರು. “ಇದರ ಮ್ಯಾಲ ಕರೆಂಟ ತರಾಕತ್ತೀರಿ. ಸಾಹೇಬ್ರು ನೋಡಿ ಚಲೋ ಐತಿ ಅಂದ್ರ ಕೂಸು ಇಲ್ಲಿಗೆ ಬರ್ತದ. ಇಲ್ಲಂದ್ರ ಸಂಜಿ ಮೋಟಾರಿಗೆ ನಾ ತಿರುಗಿ ಕರಕೊಂಡು ಹೊಂಟೆ.”

“ನಿಮ್ಮ ಅಂಗಡ್ಯಾಗ ಇಲಿ ಅದಾವಂತ ನಾವು ಕಾಳ ಒಯ್ಯೂದು ಬಿಟ್ಟೇವೇನ್ರಿ?” ಎಂದರು ನಮ್ಮವರು.

“ಇಲಿ ಕಾಳ ತಿಂದು ಓಡಿ ಹೋಗ್ತಾವ. ಇದು ಮನಶ್ಯಾನ್ನ ಹಿಡಕೊಂಡ್ರ ಬಿಡಂಗಿಲ್ಲಂತ.”

ನನಗೆ ಸಿಟ್ಟು ಬಂತು ಖರೇ, ಆದರೆ ಅವರ ಮಾತು ಸುಳ್ಳೆಂದು ಹೇಳಲಿಕ್ಕೂ ಆಗಲಿಲ್ಲ. ನೂಲು ಹರಿಯಬಾರದೆಂದು ನಾವು ನೆಲಕ್ಕೂ ನೂಲಿನ ಲಡಿಗೂ ನೀರು ಚಿಮುಕಿಸುತ್ತಲೇ ಇರುತ್ತೇವೆ. ನೇಕಾರರ ಮನೆ ಒಣಗಿದರೆ ಕೆಲಸ ನಿಂತಿತೆಂದೇ ಅರ್ಥ. ಕೂಸು ಎರಡು ಓಣಿ ಆಚೆ ಅಳುತ್ತಿದ್ದೀತು, ನಗುತ್ತಿದ್ದೀತು. ನಾನೂ ಮಗನೂ ಇಲ್ಲಿ ಬಾಗಿಲಲ್ಲಿ ನಿಂತು ಸಾಹೇಬರ ದಾರಿ ನೋಡುತ್ತಿದ್ದೆವು.

ಮಧ್ಯಾಹ್ನಕ್ಕೆ ಸಾಹೇಬರು ಬಂದರು, ಹಿಂದೆ ಅದೇ ವಾಯರಮನ್. ಸಾಹೇಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದದ್ದು ನನಗೆ ಹಿಡಿಸಿತು. ಬಲ್ಬು ಬಿಚ್ಚಿಸಿ, ಒಂದು ಪೆಟ್ಟಿಗೆ ತೆಗೆದು, ಅದರ ವಾಯರನ್ನು ನಮ್ಮ ತಂತಿಗೆ ಹಚ್ಚಿ, ಹಿಡಿಕೆ ತಿರುಗಿಸಿದರು, ನಾವು ಕಂಡಿಕೆಗೆ ನೂಲು ಸುತ್ತುವಾಗ ರಾಟೆ ತಿರುಗಿಸುತ್ತೇವಲ್ಲ, ಹಾಗೆ. ಪೆಟ್ಟಿಗೆಯ ಮೇಲೆ ಗಡಿಯಾರದಂಥ ಮುಳ್ಳು. ಅದು ಆಚೆ ಕಡೆ ಹೋಗಿ ನಿಂತರೆ ತಂತಿ ಚಲೋ, ಈಚೆ ಬಿದ್ದರೆ ಎಲ್ಲೋ ಸೋರುತ್ತಿದೆ ಎಂದು ನಮಗೂ ತಿಳಿಯುವಂತೆ ಹೇಳಿದರು. ಅಡುಗೆಮನೆಯ ಕಡೆ ಮುಳ್ಳು ಆಚೆ ಹೋಯಿತು. ಪಡಸಾಲೆಯ ತಂತಿಗೆ ಹಚ್ಚಿದಾಗ ಈಚೆ ಬಿತ್ತು. ಮತ್ತೆ ತಿರುಗಿಸಿದರು, ಮತ್ತೆ ಬಿತ್ತು.

“ಏನಪಾ, ಹೊಸಾ ತಂತಿ ಹಿಂಗ ಸೋರ್ತದೇನು? ನಡುವ ಎಲ್ಲೆರ ಗಂಟ ಹಾಕಿಯೇನು?”

“ಒಂದ ಗಂಟ ಸುದ್ದಾ ಹಾಕಿಲ್ರಿ ಸಾಹೇಬ್ರ,” ಎಂದ ವಾಯರಮನ್. “ನಾ ಎಳದಾಗ ನೆಟ್ಟಗಿತ್ತು.”

ಇಬ್ಬರೂ ಏಣಿ ಹಾಕಿ ಪಟ್ಟಿಗುಂಟ ಹುಡುಕಿದರು. ಏನೂ ಕಾಣಿಸಲಿಲ್ಲ. ಸಾಹೇಬರ ದನಿ ಬಿಗಿಯಾಯಿತು. “ಹಂಗಾರ ಮುಳ್ಳ ಸುಳ್ಳ ಹೇಳ್ತದೇನು? ಇಂಥಾ ಕೆಲಸಾ ಮಾಡಿದ್ರ ನಿನ್ನ ಲೈಸನ್ಸ ಇರೂದಿಲ್ಲ ನೋಡು. ಈ ಮನಿ ಇವತ್ತ ಪಾಸ್ ಮಾಡಂಗಿಲ್ಲ. ಮುಂದಿನ ತಿಂಗಳ ಬಂದಾಗ ನೋಡೂಣು.”

ಬೀಗರು ಎದ್ದು ಧೋತರ ಝಾಡಿಸಿಕೊಂಡರು. “ನಾ ಇನ್ನ ಬರ್ತೀನ್ರಿ ಅಕ್ಕಾರ,” ಎಂದರು, ನನ್ನ ಮುಖ ನೋಡದೆ.

ನಮ್ಮವರು ಅಷ್ಟೊತ್ತೂ ಮಗ್ಗದ ಕಂಬಕ್ಕೆ ಒರಗಿ ನಿಂತಿದ್ದರು. ಬೀಗರ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ತಲೆ ಕೆಳಗೆ ಹಾಕಿ ನಿಂತಿದ್ದ ಆ ವಾಯರಮನ್ನನ್ನೇ ನೋಡುತ್ತಿದ್ದರು. ಆಮೇಲೆ ಏಣಿ ಹತ್ತಿ, ತೊಟ್ಟಿಲ ಬಳೆಯ ಹತ್ತಿರವೇ, ತಂತಿಯ ಮೇಲೆ ಒಂದು ಕಡೆ ಬೆರಳಿಟ್ಟರು.

“ಇಲ್ಲೈತ್ರಿ ಸಾಹೇಬ್ರ. ಅಂವಾ ಹಾಕಿದ್ದಲ್ಲ, ನಾ ಹಾಕಿದ್ದು.”

ಸಾಹೇಬರೂ ಇನ್ನೊಂದು ಕಡೆಯಿಂದ ಹತ್ತಿ ಬಗ್ಗಿ ನೋಡಿದರು. “ಎಲ್ಲಿ? ಏನೂ ಕಾಣಸವಲ್ದಲಾ ಹಿರ್ಯಾರ.”

“ಕಾಣಸೂದಿಲ್ರಿ. ಕಾಣಿಸಿದ್ರ ನಾ ಎಂಥಾ ನೇಕಾರ?”

ಆಗ ಗೊತ್ತಾಯಿತು. ಹೋದ ವಾರ ಮಗ್ಗದ ಮೇಲಿನ ಬಿದಿರು ಇಳಿಸುವಾಗ ಅದರ ಕೊಕ್ಕೆ ಸಿಕ್ಕು, ಎರಡೂ ತಂತಿ ಕಡಿದಿದ್ದವಂತೆ. ವಾಯರಮನ್ ನರಗುಂದದಿಂದ ಬರುವ ತನಕ ಯಾರು ಕಾಯಬೇಕೆಂದು, ಮಗ್ಗದಲ್ಲಿ ಹಾಸಿನ ಎಳೆ ಹರಿದಾಗ ಹ್ಯಾಂಗೋ ಹಾಂಗೆಯೇ ತುದಿಗೆ ತುದಿ ಹೊಸೆದು, ಎರಡನ್ನೂ ಕೂಡಿಸಿ ಹತ್ತಿ ನೂಲು ಸುತ್ತಿ, ಮೇಲೆ ಗಂಜಿ ಸವರಿದ್ದರು. ತಂತಿ ಕರಿಯದೆಂದು ನೂಲಿಗೂ ಕರಿ ಬಣ್ಣ ಹಾಕಿದ್ದರು. ಅದೇ ಮನೆಯಲ್ಲಿ ಅಡ್ಡಾಡುತ್ತಿದ್ದ ನನಗೂ ಸುಳಿವು ಸಿಕ್ಕಿರಲಿಲ್ಲ.

ಸಾಹೇಬರು ಅದನ್ನು ಕತ್ತರಿಸಿ ಕೆಳಗೆ ತಂದು ನಮ್ಮವರ ಅಂಗೈಯಲ್ಲಿಟ್ಟರು. ನೂಲು ಒಳಗೆ ಹಸಿ ಇತ್ತು. “ಗಂಜಿ ತಂಪು ಹೀರ್ಕೊಂಡದ. ಕರೆಂಟ ಈ ತಂತಿಯಿಂದ ಆ ತಂತಿಗೆ ನೂಲ ಹಿಡಕೊಂಡು ಹಾಯ್ತಿತ್ತು. ಕಾಯ್ದು ಕಾಯ್ದು ಒಂದಿನ ಉರೀತಿತ್ತು. ಕೆಳಗ ತೊಟ್ಟಲಾ ಕಟ್ಟಾವ್ರಲ್ಲ ನೀವು?”

ನಮ್ಮವರು ತಲೆ ಎತ್ತಿ ತೊಲೆಯ ಬಳೆಯನ್ನು ನೋಡಿದರು.

“ನಿಮ್ಮಲ್ಲಿ ಗಂಟ ಕಾಣಬಾರದು. ನಮ್ಮಲ್ಲಿ ಕಾಣಬೇಕು ಹಿರ್ಯಾರ. ಗಂಟ ಇದ್ದಲ್ಲಿ ಒಂದು ಡಬ್ಬಿ ಇರಬೇಕು, ಯಾರ ಬಂದ್ರೂ ತಗದು ನೋಡೂಹಂಗ ಇರಬೇಕು.”

“ಕಾಣೂಹಂಗ ಗಂಟ ಹಾಕೂದು ನನಗ ಬರಂಗಿಲ್ರಿ,” ಎಂದರು ನಮ್ಮವರು, ಮೆಲ್ಲಗೆ.

ಕಟ್ಟೆಯಿಂದ ಬೀಗರು ಅಂದರು: “ಕರೆಂಟಿಗೂ ಗಂಜಿ ಕುಡಿಸಿದ್ರೆಲಾ ಬೀಗರ.”

“ನಿಮಗೂ ಕುಡಿಸ್ತೇನಿ, ಕೂಡ್ರಿ.”

ಸಾಹೇಬರು ನಕ್ಕರು. ಆದರೆ ನಕ್ಕದ್ದಕ್ಕೆ ಪಾಸು ಮಾಡಲಿಲ್ಲ. “ನೀವು ಖರೇ ಹೇಳಿದ್ದು ಚಲೋ ಆತು. ಆದ್ರ ಪಾಸ್ ಮಾಡೂದು ಮುಳ್ಳ,” ಎಂದು, ವಾಯರಮನ್ನನಿಗೆ ಪಡಸಾಲೆಯ ತಂತಿಯನ್ನು ಪೂರಾ ಹೊಸದಾಗಿ ಎಳೆಯಲು ಹೇಳಿ, ಚಹಾ ಕುಡಿಯುತ್ತ ಕೂತರು. ತೊಟ್ಟಿಲ ಹಗ್ಗ ತಿಕ್ಕದಂತೆ ಪಟ್ಟಿಯನ್ನು ಬಳೆಯಿಂದ ದೂರ ಸರಿಸಲು ಹೇಳಿದರು. ತಂತಿಯ ಮೇಲೆ ಹಸಿ ಲಡಿ ಹಾಕಬಾರದು, ನೀರು ಮುಟ್ಟಿದ ಕೈಯಿಂದ ಬಟನ್ ಒತ್ತಬಾರದು, ತಂತಿ ಕಡಿದರೆ ನಾವಾಗಿ ಮುಟ್ಟಬಾರದು ಎಂದು ನನಗೆ ಎರಡೆರಡು ಸಲ ಹೇಳಿಸಿ ಕೇಳಿದರು.

ಆ ಹೊತ್ತು ಹೊಸ್ತಿಲ ಹತ್ತಿರ ಕೂತು ನಾನು ಒಂದು ವಿಚಾರ ಮಾಡಿದೆ. ನಮ್ಮ ಜನ್ಮವೆಲ್ಲ ಹರಿದದ್ದನ್ನು ಗೊತ್ತಾಗದಂತೆ ಕೂಡಿಸುವುದರಲ್ಲೇ ಹೋಗಿದೆ. ಸೀರೆ ಕೊಳ್ಳುವವಳು ಮಡಿಕೆ ಬಿಚ್ಚಿ, ಹಿಂದೆ ಮುಂದೆ ತಿರುವಿ ನೋಡಿ, ಒಂದು ಗಂಟೂ ಸಿಗದೆ ಹೋದರೆ ಅದೇ ನಮಗೆ ಮಾನ. ಮನೆಯ ಜಗಳ, ಮನಸ್ಸಿನ ನೋವು ಎಲ್ಲವನ್ನೂ ಹಾಗೇ ಹೊಸೆದು, ಗಂಜಿ ಸವರಿ, ಸಪಾಟು ಮಾಡಿ ಬದುಕಿದವರು ನಾವು. ಅಂಥ ಮನುಷ್ಯ ನಾಲ್ಕು ಜನರ ಎದುರು, ಅದೂ ಬೀಗರ ಎದುರು, ತಾನು ಹಾಕಿದ ಗಂಟಿನ ಮೇಲೆ ತಾನೇ ಬೆರಳಿಟ್ಟು ತೋರಿಸಿದ್ದು ಸಣ್ಣ ಮಾತಲ್ಲ. ಅವರ ಜೊತೆ ಅಷ್ಟು ವರ್ಷ ಬಾಳೆ ಮಾಡಿದರೂ ಅವರ ಈ ಗುಣ ನಾನು ನೋಡಿರಲಿಲ್ಲ.

ಹೊಸ ತಂತಿ ಎಳೆದಾಯಿತು. ಸಾಹೇಬರು ಪೆಟ್ಟಿಗೆ ಹಚ್ಚಿ ಹಿಡಿಕೆ ತಿರುಗಿಸಿದರು. ಮುಳ್ಳು ಆಚೆ ಹೋಗಿ ನಿಂತಿತು. ಇನ್ನೊಮ್ಮೆ ತಿರುಗಿಸಿದರು, ಅಲ್ಲೇ ನಿಂತಿತು.

“ಪಾಸ್ ಆತ್ರಿ,” ಎಂದರು.

ಬೀಗರು ನಮ್ಮ ಮಗನ ಕಡೆ ತಿರುಗಿದರು. “ಏನ ನಿಂತೀರಿ ಅಳ್ಯಾರ? ಹೋಗಿ ಕರಕೊಂಡು ಬರ್ರಿ.”

ಮಗ ಚಪ್ಪಲಿ ಮೆಟ್ಟದೆಯೇ ಓಡಿದ. ಸಾಹೇಬರು ರೋಣದ ದಾರಿ ಹಿಡಿಯುವ ಹೊತ್ತಿಗೆ ಸೊಸೆ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ಆರತಿ ಎತ್ತಿ ಒಳಗೆ ಕರೆದುಕೊಂಡೆ. ಕೂಸು ನಮ್ಮ ಮನೆಯನ್ನೆಲ್ಲ ದೊಡ್ಡ ಕಣ್ಣು ಬಿಟ್ಟು ನೋಡಿತು, ತಾನೂ ತಪಾಸಣೆಗೆ ಬಂದಂತೆ.

ಕಂಬದಿಂದ ಕರೆಂಟು ಕೊಡಲು ಇನ್ನೂ ಕೆಲವು ದಿನ ಹಿಡಿಯುವುದಿತ್ತು. ಅವತ್ತು ಸಂಜೆ ಕಂದೀಲಿನ ಬೆಳಕಿನಲ್ಲೇ ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಸಂಜೆಯ ಮೋಟಾರು ತಪ್ಪಿದ ವಾಯರಮನ್ನನನ್ನೂ ಬಿಡಲಿಲ್ಲ. ಸಜ್ಜೆ ರೊಟ್ಟಿ, ಬದನೆಕಾಯಿ ಎಣಗಾಯಿ, ಗೋಧಿ ಹುಗ್ಗಿ, ಮೇಲೆ ತುಪ್ಪ. ಯಾವಾಗಲೂ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ನಾನೂ ಸೊಸೆಯೂ ಅವತ್ತು ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಅವರ ಜೊತೆಗೇ ಕೂತೆವು. ಕೂಸು ತೊಡೆಯಿಂದ ತೊಡೆಗೆ ಹೋಗುತ್ತಿತ್ತು. ಹುಗ್ಗಿ ಎಂದರೆ ಜೀವ ಬಿಡುವ ನಮ್ಮವರು ಎರಡನೇ ಸಲ ಬೇಡವೆಂದು ಎದ್ದು, ಕೈ ತೊಳೆದು, ಒರಸಿಕೊಂಡು ಬಂದರು.

“ಇನ್ನೊಂದು ಸೌಟ ಹಾಕಿಸ್ಕೋರಿ ಬೀಗರ,” ಎಂದರು ನರೇಗಲ್ಲಿನವರು, ಕೂಸನ್ನು ಎದೆಗೊತ್ತಿಕೊಂಡು.

“ನೀವು ಉಣ್ರಿ. ಆಕಿನ್ನ ಇಲ್ಲಿ ಕೊಡ್ರಿ,” ಎಂದರು ನಮ್ಮವರು.

ಬೀಗರು ಕೊಟ್ಟರು. ನಾನು ಬೀಗರ ತಾಟಿಗೆ ಹುಗ್ಗಿ ಹಾಕಿ, ನನ್ನ ತಾಟಿಗೂ ಹಾಕಿಕೊಂಡು ಉಂಡೆ.