ಪೂರ್ತಿ ನಾಲ್ಕು ಗಂಟೆ ಎಂದು ಹಟ ಹಿಡಿದವರು

ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧಿಗೊಳಿಸುವ ಡಯಾಲಿಸಿಸ್ ಶುಶ್ರೂಷೆಯಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ದಾದಿಯವರನ್ನು ರೋಗಿಗಳೆಲ್ಲ 'ದೊಡ್ಡ ಸಿಸ್ಟರ್' ಎಂದೇ ಬಲ್ಲರು. ಒಳ್ಳೆಯ ಕೇಂದ್ರ ಯಾವುದೆಂದು ಕೇಳಿದರೆ ಯಂತ್ರಗಳ ಹೊಳಪನ್ನಾಗಲಿ ಗೋಡೆಯ ಬಣ್ಣವನ್ನಾಗಲಿ ನೋಡದೆ, ಒಬ್ಬ ದಾದಿಯ ಪಾಲಿಗೆ ರೋಗಿಗಳ ಎಷ್ಟು ಕುರ್ಚಿ, ಒಬ್ಬ ರೋಗಿಯ ಪಾಲಿಗೆ ಎಷ್ಟು ಹೊತ್ತು ಎಂದು ವಿಚಾರಿಸುವುದನ್ನು ಸಹೋದ್ಯೋಗಿಗಳಿಗೆ ಕಲಿಸಿದವರು ಅವರು. ಕೂತಲ್ಲಿ ಕೂರದ ಜೀವ. ಊಟವನ್ನೂ ನಿಂತೇ ಮುಗಿಸಿ, ತುತ್ತುಗಳ ನಡುವೆ ಕುರ್ಚಿಗಳತ್ತ ಕತ್ತು ಚಾಚುತ್ತಿದ್ದರು.

ಕೇಂದ್ರವು ಹೊಸ ಕಟ್ಟಡಕ್ಕೆ ಬಂದಾಗ ಆರು ಕುರ್ಚಿಗಳು ಹನ್ನೆರಡಾದವು. ದಾದಿಯರು ಮಾತ್ರ ಮೂವರೇ ಉಳಿದರು. ಕಾಯುವವರ ಪಟ್ಟಿ ಉದ್ದವಿದೆಯೆಂದು ವ್ಯವಸ್ಥಾಪಕರು ದಿನಕ್ಕೆ ಮೂರಿದ್ದ ಸರದಿಯನ್ನು ನಾಲ್ಕು ಮಾಡಿ, ನಾಲ್ಕು ಗಂಟೆಯ ಚಿಕಿತ್ಸೆಯನ್ನು ಮೂರಕ್ಕೆ ಇಳಿಸಿದರು. ಅವರದೂ ಕೆಟ್ಟ ಮನಸ್ಸಲ್ಲ. ಆ ಹೊಸ ಸರದಿಯಲ್ಲೇ ದೊಡ್ಡ ಸಿಸ್ಟರ್ ಅವರ ಅಕ್ಕನ ಗಂಡನಿಗೂ ಜಾಗ ಸಿಕ್ಕಿತ್ತು.

ಆದರೆ ನಾಲ್ಕು ಗಂಟೆಯಲ್ಲಿ ಮೈಯಿಂದ ಇಳಿಯಬೇಕಾದ ನೀರನ್ನು ಮೂರರಲ್ಲಿ ಎಳೆದರೆ ರಕ್ತದೊತ್ತಡ ತಡೆದೀತೇ? ಒಂದು ಮಧ್ಯಾಹ್ನ ಚಿಕಿತ್ಸೆಯ ಕುರ್ಚಿಯಲ್ಲಿ ತಮಾಷೆ ಮಾಡುತ್ತಿದ್ದ ದರ್ಜಿಯೊಬ್ಬರು ಅರ್ಧ ಮಾತಿನಲ್ಲೇ ತಲೆ ವಾಲಿಸಿದರು. ಹತ್ತಿರ ಯಾರೂ ಇರಲಿಲ್ಲ. ಕೊನೆಯ ಕುರ್ಚಿಯಿಂದ ಓಡಿಬಂದ ದೊಡ್ಡ ಸಿಸ್ಟರ್ ಆ ದರ್ಜಿಯನ್ನು ಉಳಿಸಿಕೊಂಡರು. ತಮ್ಮ ನೆಮ್ಮದಿಯನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಮೂರು ತಿಂಗಳು ರಕ್ತದೊತ್ತಡದ ಪ್ರತಿ ಕುಸಿತವನ್ನೂ ಬರೆದಿಟ್ಟರು. ಹಳೆಯ ಇಕ್ಕಟ್ಟಿನ ಕೋಣೆಯಲ್ಲಿ ತಿಂಗಳಿಗೆ ನಾಲ್ಕೈದಿದ್ದದ್ದು ಹೊಸ ಕಟ್ಟಡದಲ್ಲಿ ಮೂವತ್ತೇಳಾಗಿತ್ತು.

ಎಲ್ಲರಿಗೂ ಮತ್ತೆ ಪೂರ್ತಿ ನಾಲ್ಕು ಗಂಟೆ ಬೇಕೆಂದು ಆ ಬರಹವನ್ನು ಮುಂದಿಟ್ಟಾಗ ವ್ಯವಸ್ಥಾಪಕರು ಸರದಿಯ ಪಟ್ಟಿ ತಿರುವಿದರು. "ನಾಲ್ಕನೇ ಸರದಿ ನಿಲ್ಲಿಸಿದ್ರೆ ಕೊನೇಲಿ ಸೇರಿದವ್ರು ಪಕ್ಕದೂರಿನ ಕೇಂದ್ರಕ್ಕೆ ಹೋಗ್ಬೇಕು. ಅದ್ರಲ್ಲಿ ನಿಮ್ಮ ಭಾವನೂ ಇದ್ದಾರೆ, ಗೊತ್ತಲ್ಲ ಸಿಸ್ಟರ್?"

"ಗೊತ್ತು ಸಾರ್. ಒಂದು ವಾರ ಟೈಮ್ ಕೊಡಿ, ಆ ಕೇಂದ್ರ ನೋಡ್ಕೊಂಡು ಬರ್ತೀನಿ."

ಅಲ್ಲಿ ಪರದೆಗಳು ಮಾಸಿದ್ದವು, ಯಂತ್ರಗಳು ಹಳೆಯವು. ಆದರೆ ಮೂರು ಕುರ್ಚಿಗೊಬ್ಬ ದಾದಿ, ಪೂರ್ತಿ ನಾಲ್ಕು ಗಂಟೆ. ಹಿಂದಿರುಗಿದವರೇ ಭಾವನ ಹೆಸರನ್ನು ತಮ್ಮ ಕೈಯಾರೆ ಪಕ್ಕದೂರಿಗೆ ಹೋಗುವವರ ಪಟ್ಟಿಯಲ್ಲಿ ಬರೆದರು.

ಅಂದೇ ಅಕ್ಕ ಮನೆಗೆ ಬಂದರು. "ಊರವ್ರಿಗೋಸ್ಕರ ನನ್ನ ಗಂಡನ್ನ ಬಸ್ಸು ಹತ್ತಿಸ್ತೀಯೇನೇ?" ತಂಗಿ ಮಡಚಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚಿದರು.

ವಾರದ ರಜೆಯಲ್ಲಿ ಭಾವನ ಜೊತೆ ಒಂದೂವರೆ ಗಂಟೆಯ ಆ ಬಸ್ಸಿನಲ್ಲಿ ಅವರೂ ಹೋಗಿಬರುತ್ತಿದ್ದರು. "ಅಷ್ಟು ಹೊತ್ತು ನಿಮ್ಮಕ್ಕನ ಬಾಯಿಂದ ತಪ್ಪಿಸ್ಕೊಂಡಿರ್ತೀನಲ್ಲ ಬಿಡು" ಎಂದು ಭಾವ ನಗುತ್ತಿದ್ದರು. ನಾಲ್ಕು ವರ್ಷ ಬದುಕಿದರು. ಪ್ರಯಾಣದ ಆಯಾಸವಿಲ್ಲದಿದ್ದರೆ ಐದಾಗುತ್ತಿತ್ತೋ, ಮೂರು ಗಂಟೆಯ ಕುರ್ಚಿಯಲ್ಲಿ ಒಂದೇ ಆಗುತ್ತಿತ್ತೋ, ದೊಡ್ಡ ಸಿಸ್ಟರ್ ಇಂದಿಗೂ ಬಗೆಹರಿಸಿಕೊಂಡಿಲ್ಲ. ಇತ್ತ ನಾಲ್ಕು ಗಂಟೆಯ ಚಿಕಿತ್ಸೆ ಮರಳಿದ ಕೇಂದ್ರದಲ್ಲಿ ಕುಸಿತಗಳು ಕಡಿಮೆಯಾದವು. ವರ್ಷ ತುಂಬುವುದರೊಳಗೆ ಇನ್ನೊಬ್ಬ ದಾದಿಯೂ ಬಂದರು.

ಕಳೆದ ವಾರ ಅಕ್ಕ ಆ ಜಗಳದ ನಂತರ ಮೊದಲ ಸಲ ಕೇಂದ್ರದೊಳಗೆ ಕಾಲಿಟ್ಟು, ಕುರ್ಚಿಗಳ ಸಾಲನ್ನು ದಿಟ್ಟಿಸಿ ಹೇಳಿದರು: "ಸಿಟ್ಟು ಪೂರ್ತಿ ಹೋಗಿಲ್ಲ ಕಣೇ. ಆದ್ರೆ ನೀನು ಮಾಡಿದ್ದು ತಪ್ಪು ಅನ್ನೋಕೂ ಬಾಯಿ ಬರಲ್ಲ."

"ಸಿಟ್ಟು ಇರ್ಲಿ ಬಿಡಕ್ಕ. ನೀನು ಬರ್ತಾ ಇರು, ಸಾಕು."

ಬರುವ ತಿಂಗಳಿಂದ ದೊಡ್ಡ ಸಿಸ್ಟರ್ ಹೊಸ ದಾದಿಯರಿಗೆ ಪಾಠ ಹೇಳಲು ಒಪ್ಪಿದ್ದಾರೆ. ಅವರ ಆಯುಸ್ಸು ಬೆಳೆಯಲಿ, ಆರೋಗ್ಯ ಗಟ್ಟಿಯಾಗಿರಲಿ. ಅವರ ತಳಮಳ ಆ ಎಳೆಯರಿಗೂ ಒಂದಿಷ್ಟು ಅಂಟಲಿ.