ಫೋನಿನ ಮುಂದೆ ಮರಾಠಿ

ಗಡಹಿಂಗ್ಲಜ ತಾಲ್ಲೂಕಿನ ಮಹಾಗಾಂವದಲ್ಲಿ, ಆ ಮನೆಯ ಪಡಸಾಲೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಈಚೆ ಬದಿಗೆ ನಾನು ನಿಂತಿದ್ದೆ. ಕಳೆದ ವರ್ಷ, ಗಣಪತಿ ಕೂರಿಸುವ ಹಿಂದಿನ ವಾರ, ದೀಪ ಹಚ್ಚುವ ಹೊತ್ತು. ಮಳೆ ಇರಲಿಲ್ಲ. ಕರೆಂಟು ಇತ್ತು. ಇವನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ಕೊಲ್ಲಾಪುರದ ಕಚೇರಿಯಲ್ಲಿ, ಮಳೆಯ ಸದ್ದಿಗೆ ಫೋನಿಗೆ ಕೇಳಿಸಿರಲಿಕ್ಕಿಲ್ಲ, ಕರೆಂಟು ಹೋಗಿದ್ದೀತು ಎಂದೆಲ್ಲ ಅಂದರು.

ಯಾವ ಮನೆಯಲ್ಲಿ ಯಾರು ಯಾವ ರೇಡಿಯೊ ಕೇಳುತ್ತಾರೆಂದು ತಿಳಿದುಕೊಂಡು ಬರುವುದು ನನ್ನ ಕೆಲಸ. ಮೊದಲು ಮನೆಮನೆಗೆ ಹೋಗಿ, ಕೂತು, ಕೇಳುತ್ತಿದ್ದೆ. ಜನ ಸುಳ್ಳೂ ಹೇಳುತ್ತಿದ್ದರು. ಆದರೆ ಸುಳ್ಳು ಹೇಳುವವರ ಮುಖ ನನ್ನೆದುರಿಗೆ ಇರುತ್ತಿತ್ತು. ಆಮೇಲೆ ಕಂಪನಿ ಕ್ರಮ ಬದಲಿಸಿತು. ಆಯ್ದ ಮನೆಗಳಿಗೆ ಒಂದೊಂದು ಫೋನು ಕೊಟ್ಟರು. ಅದರೊಳಗಿನ ಆ್ಯಪು ಸುತ್ತಲಿನ ಸದ್ದು ಹಿಡಿದು, ಅಲ್ಲಿ ಯಾವ ಕೇಂದ್ರ ನುಡಿಯುತ್ತಿದೆಯೆಂದು ತಾನೇ ಗುರುತಿಸಿ, ಕೊಲ್ಲಾಪುರಕ್ಕೆ ತಿಳಿಸುತ್ತದೆ. ಫೋನು ಇಟ್ಟು ಬರುವುದು, ನಡುನಡುವೆ ಹೋಗಿ ಚಾರ್ಜ್ ಇದೆಯೇ ನೋಡುವುದು, ಇಷ್ಟು ನನ್ನ ಪಾಲಿಗೆ ಉಳಿಯಿತು.

ಆ ವರ್ಷ ಒಂದು ಬಾನುಲಿ ಕೇಂದ್ರ ನಮ್ಮ ಕಂಪನಿಯನ್ನು ಒಂದೇ ಮಾತು ಕೇಳಿತ್ತು. ಈ ಭಾಗದ ಕನ್ನಡದವರಿಗೆಂದು ಸಂಜೆ ಅರ್ಧ ತಾಸು ಹಾಡು, ಮಾತುಕತೆ ಬರುತ್ತದೆ. ಅದನ್ನು ಯಾರಾದರೂ ಕೇಳುತ್ತಾರೋ ಇಲ್ಲವೋ? ಇಲ್ಲವೆಂದಾದರೆ ರೇಡಿಯೊದಿಂದ ತೆಗೆದು ಇಂಟರ್ನೆಟ್ಟಿನಲ್ಲಿ ಮಾತ್ರ ಇಡುವ ಯೋಚನೆ ಅವರದು.

ಮೊದಲ ಅನುಮಾನ ಬಂದದ್ದು ಇಚಲಕರಂಜಿಯಲ್ಲಿ. ಅಲ್ಲಿ ಮಗ್ಗದ ಶೆಡ್ಡಿನ ಮಾಲೀಕರೊಬ್ಬರಿಗೆ ಫೋನು ಕೊಟ್ಟಿದ್ದೆ. ಮಗ್ಗಗಳ ಗದ್ದಲದಲ್ಲಿ ನನ್ನ ಕಿವಿಗೆ ಬಾಯಿಟ್ಟು ಕನ್ನಡದಲ್ಲಿ ಮಾತಾಡಿದವರು, ಫೋನಿದ್ದ ಮುಂದಿನ ಕೋಣೆಗೆ ಬಂದ ಕೂಡಲೇ ಮರಾಠಿಗೆ ಹೊರಳಿದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅಂದು ಅದನ್ನು ನೋಡಿದೆ, ಅದರ ಅರ್ಥ ಹೊಳೆಯಲಿಲ್ಲ.

ಮಹಾಗಾಂವದ ಮನೆ ಒಕ್ಕಲುತನದ್ದು. ಅತ್ತೆ, ಸೊಸೆ ಇಬ್ಬರೇ ಮನೆಯಲ್ಲಿದ್ದರು. ಗಂಡಸರು ಹೊಲದಿಂದ ಬಂದಿರಲಿಲ್ಲ. ಪಡಸಾಲೆಯ ಗೂಡಿನಲ್ಲಿ ನಮ್ಮ ಫೋನು, ಅದರ ಪಕ್ಕಕ್ಕೆ ರೇಡಿಯೊ. ರೇಡಿಯೊದಲ್ಲಿ ಮರಾಠಿ ನಾಟಕ ನಡೆದಿತ್ತು. ಅದರ ಮುಂದೆ ಯಾರೂ ಕೂತಿರಲಿಲ್ಲ. ಒಳಗೆ, ಹಿಟ್ಟಿನ ಡಬ್ಬಿಯ ಮೇಲೆ ಇನ್ನೊಂದು ಸಣ್ಣ ರೇಡಿಯೊ ಮೆಲ್ಲಗೆ ಕನ್ನಡ ಹಾಡುತ್ತಿತ್ತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ಸೊಸೆ ಬೇಯಿಸುತ್ತಿದ್ದಳು.

"ಅವ್ವಾರ, ಹೊರಗ ಯಾರೂ ಇಲ್ಲ, ಮರಾಠಿ ಯಾಕ ಹಚ್ಚೀರಿ?" ಅಂದೆ.

"ಹಗೂರ ಮಾತಾಡ್ರಿ ಸರ, ಅದು ಅಲ್ಲೇ ಐತಿ," ಎಂದು ಅತ್ತೆ ಗೂಡಿನ ಕಡೆಗೆ ಗದ್ದ ತೋರಿಸಿದರು. "ಅದಕ್ಕ ಹಚ್ಚೇವಿ."

"ಫೋನಿಗೆ?"

"ಹೌದ್ರಿ. ದಿನಾ ನಾಟಕ ಕೇಳಿ ಕೇಳಿ ಅದು ನಮಗಿಂತ ಶಾಣ್ಯಾ ಆಗೇತಿ," ಎಂದಳು ಸೊಸೆ.

ಅತ್ತೆ ನಗಲಿಲ್ಲ. "ಕೊಲ್ಲಾಪುರದ ಆಫೀಸ್ ಮುಂದ ಕನ್ನಡ ಹಚ್ಚಿ ಕುಂದ್ರತಾರೇನ್ರಿ? ತಹಶೀಲದಾರ ಕಚೇರಿಗೆ ಹೋದ್ರ ನೀವು ಯಾವ ಮಾತ ಆಡತೀರಿ?"

"ಮರಾಠಿ."

"ಮತ್ತ?"

ಇದರಲ್ಲಿ ಯಾರ ಒತ್ತಾಯವೂ ಇಲ್ಲ. ನಮ್ಮಲ್ಲಿ ಪಡಸಾಲೆಗೊಂದು ಮಾತು, ಒಲೆಯ ಮುಂದೆ ಒಂದು ಮಾತು. ಹೊರಗಿನವರು ಬಂದರೆ ಸೆರಗು ಸರಿಮಾಡಿಕೊಂಡಂತೆ ಮಾತನ್ನೂ ಸರಿಮಾಡಿಕೊಳ್ಳುತ್ತೇವೆ. ನಾನೂ ಹಾಗೆಯೇ ಬೆಳೆದವನು. ಆ ಫೋನನ್ನು ಅವರು ಮನೆಗೆ ಬಂದ ಸರಕಾರಿ ಮನುಷ್ಯನೆಂದೇ ತಿಳಿದು, ಅದರ ಮರ್ಯಾದೆ ಅದಕ್ಕೆ ಕೊಟ್ಟಿದ್ದರು.

ಹಾಡು ಮುಗಿಯುವುದಕ್ಕೂ ಅತ್ತೆಯ ಸ್ವಂತ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅಕಿವಾಟಕ್ಕೆ ಕೊಟ್ಟಿರುವ ತಂಗಿ. ಅಲ್ಲಿ ಅವಳೂ ಅದನ್ನೇ ಕೇಳಿ, ಮುಗಿದ ಕೂಡಲೇ ಫೋನು ಹಚ್ಚುತ್ತಾಳಂತೆ. ಹಾಡಿದ ಹೆಣ್ಣುಮಗಳ ದನಿ ಇವತ್ತು ಕಟ್ಟಿತ್ತೋ ಇಲ್ಲವೋ ಎಂದು ಅಕ್ಕತಂಗಿ ಸ್ವಲ್ಪ ಹೊತ್ತು ಜಗಳಾಡಿದರು. ಫೋನಿಟ್ಟ ಮೇಲೆ ಅತ್ತೆ ನನ್ನನ್ನು ಕೇಳಿದರು:

"ಆ ಗೂಡಿನಾಗಿಂದು ನಮ್ಮ ಮಾತೂ ಕೇಳತೈತೇನ್ರಿ?"

"ಇಲ್ರಿ. ರೇಡಿಯೊದ ಸದ್ದು ಅಷ್ಟ."

"ನಿಮಗ ಯಾರ ಹೇಳ್ಯಾರ?"

"ಆಫೀಸಿನವರು."

"ಅವರಿಗೆ ಯಾರ ಹೇಳ್ಯಾರ?"

ಮುಂದಿನ ವಾರ ಕೊಲ್ಲಾಪುರದಲ್ಲಿ ನಮ್ಮ ಮೇಲ್ವಿಚಾರಕರ ಕಂಪ್ಯೂಟರಿನಲ್ಲಿ ಆ ಮನೆಯ ವಿವರ ನೋಡಿದೆ. ಕನ್ನಡ ಕಾರ್ಯಕ್ರಮ: ಕೇಳುವುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಮನೆಮಾತು: ಮರಾಠಿ. ಅದನ್ನು ನಾನು ತುಂಬಿರಲಿಲ್ಲ. ಯಾರು ತುಂಬಿದರೆಂದು ಕೇಳಿದೆ. ಸಾಫ್ಟ್‌ವೇರ್ ತಾನೇ ಹಾಕುತ್ತದೆ ಎಂದರು. ರೇಡಿಯೊ ನೋಡಿ ಹಾಕುತ್ತದೋ, ಮನೆಯವರ ಮಾತು ಕೇಳಿ ಹಾಕುತ್ತದೋ ಎಂದು ಮತ್ತೆ ಕೇಳಿದೆ. ಅವರು ಆ ಪುಟ ಮುಚ್ಚಿದರು.

"ತುಮ್ಹಿ ಫೋನ್ ಠೇವಾ, ಬಾಕೀ ಸೋಡಾ," ಅಂದರು. ನೀವು ಫೋನು ಇಡಿ, ಉಳಿದದ್ದು ಬಿಡಿ ಎಂದು.

"ಇಲ್ರಿ" ಎಂದು ಆ ಹೆಂಗಸಿಗೆ ಹೇಳಿ ಬಂದವನು ನಾನು. ಆವತ್ತಿನಿಂದ ನನ್ನ ಜೇಬಿನ ಫೋನಿನ ಮೇಲೂ ನಂಬಿಕೆ ಹೋಯಿತು. ಒಂದು ಸಲ ಬಂದು ಕಣ್ಣಾರೆ ನೋಡಿ, ಇಲ್ಲವಾದರೆ ಆ ಅರ್ಧ ತಾಸು ಸುಮ್ಮನೆ ಹೋಗುತ್ತದೆ ಎಂದು ಮೇಲ್ವಿಚಾರಕರ ಬೆನ್ನು ಬಿದ್ದೆ. ಗಣಪತಿ ಕಳಿಸಿದ ಮೇಲೆ ಬಂದರು.

ಅದೇ ಮನೆ, ಅದೇ ಹೊತ್ತು. ಅತ್ತೆ ಅವರನ್ನು ಗೂಡಿನ ಮುಂದೆಯೇ ಕೂರಿಸಿ, "ಯಾ ಸಾಹೇಬ, ಬಸಾ," ಎಂದು ಶುದ್ಧ ಮರಾಠಿಯಲ್ಲಿ ಉಪಚರಿಸಿದರು. ಕಬ್ಬು, ಮಳೆ, ರಸ್ತೆ, ಎಲ್ಲ ಮರಾಠಿಯಲ್ಲೇ ಆಯಿತು. ಅತ್ತೆ ರೊಟ್ಟಿ ಬಡಿಯಲು ಎದ್ದು ಹೋದರು. ಒಳಗೆ ಕನ್ನಡ ಹಾಡು ಶುರುವಾಯಿತು. ಮೇಲ್ವಿಚಾರಕರು ಎದ್ದು ಹೊಸ್ತಿಲಿಗೆ ಬಂದು, ನಾನು ನಿಂತಿದ್ದ ಕಡೆಯೇ ನಿಂತು, ಡಬ್ಬಿಯ ಮೇಲಿನ ರೇಡಿಯೊ ನೋಡಿದರು. ಹಾಡು ಪೂರ್ತಿ ಕೇಳಿದರು. ಸೊಸೆ ಚಹಾ ತಂದು, ಬೇಡವೆಂದರೂ ಇನ್ನಷ್ಟು ಬಗ್ಗಿಸಲು ಹೋದಳು. ಅವರು ಕಪ್ಪಿನ ಮೇಲೆ ಅಂಗೈ ಇಟ್ಟರು.

"ಸಾಕ್ರಿ ವೈನಿ, ಭಾಳ ಆತು. ಆಗಳೇ ಕುಡದ ಬಂದೇನಿ."

ಎಷ್ಟೋ ವರ್ಷ ಅವರ ಕೈಕೆಳಗೆ ದುಡಿದಿದ್ದೇನೆ. ಅವರ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು.

ಅತ್ತೆ ಹಿಟ್ಟಿನ ಕೈ ನಿಲ್ಲಿಸಿದರು. "ಯಾವೂರ್ರಿ ಸಾಹೇಬರ ನಿಮ್ಮದು?"

ಅವರು ತಿರುಗಿ ಗೂಡಿನ ಕಡೆ ನೋಡಿದರು. ಆಮೇಲೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, "ಸುಳಕೂಡ್ರಿ," ಎಂದರು. ಮರುಗಳಿಗೆ ದೊಡ್ಡ ದನಿಯಲ್ಲಿ ನನಗೆ, "ಚಲಾ, ನಿಘೂಯಾ," ಎಂದು, ಅಂದರೆ ಹೊರಡೋಣವೆಂದು, ಚಪ್ಪಲಿ ಮೆಟ್ಟಿದರು.

ಗಾಡಿಯಲ್ಲಿ ಬರುವಾಗ, ವರದಿ ತಿದ್ದಬೇಕಲ್ಲವೇ ಎಂದೆ. ನಾವು ನೋಡಿದ್ದು ಡೇಟಾ ಆಗುವುದಿಲ್ಲ ಎಂದರು, ಮರಾಠಿಯಲ್ಲಿ. ಅವರ ಫೋನು ಡ್ಯಾಶ್‌ಬೋರ್ಡಿನ ಮೇಲಿತ್ತು.

ದೀಪಾವಳಿ ಮುಗಿದ ಮೇಲೆ ಆ ಅರ್ಧ ತಾಸು ರೇಡಿಯೊದಿಂದ ಹೋಯಿತು. ಈಗ ಅದು ಇಂಟರ್ನೆಟ್ಟಿನಲ್ಲಿದೆ. ಫೋನು ವಾಪಸು ತರಲು ಮಹಾಗಾಂವಕ್ಕೆ ಹೋದಾಗ ಸೊಸೆ ತನ್ನ ಮೊಬೈಲಿನಲ್ಲಿ ಅದನ್ನು ಹುಡುಕಿ ತೋರಿಸಿದಳು. ಅತ್ತೆ ಆ ಕಡೆ ನೋಡಲಿಲ್ಲ.

"ಯಾವಾಗ ಬೇಕಾದಾಗ ಕೇಳಬಹುದಂತ," ಎಂದರು. "ಹಂಗಾದ್ರ ತಂಗಿ ಯಾವಾಗ ಫೋನ್ ಹಚ್ಚಬೇಕ್ರಿ?"

ಗೂಡಿನಿಂದ ಫೋನು ತೆಗೆದುಕೊಂಡೆ. ಅದಿನ್ನೂ ಚಾಲೂ ಇತ್ತು.

ಮೇಲ್ವಿಚಾರಕರು ಬಂದ ಆ ಸಂಜೆ ಆ ಹೊಸ್ತಿಲಲ್ಲಿ ನಡೆದದ್ದನ್ನು ಕಂಡವರು ನನ್ನ ಹೊರತು ಮೂವರು. ಅತ್ತೆ ಇದ್ದಾರೆ, ಸೊಸೆ ಇದ್ದಾಳೆ, ಅದೇ ಮನೆಯಲ್ಲಿ. ಸುಳಕೂಡದವರು ಈಗಲೂ ಕೊಲ್ಲಾಪುರದ ಕಚೇರಿಯಲ್ಲಿ ಅದೇ ಕುರ್ಚಿಯಲ್ಲಿದ್ದಾರೆ. ಯಾರನ್ನು ಬೇಕಾದರೂ ಕೇಳಬಹುದು. ಫೋನು ಹೊರಗಿಟ್ಟು ಕೇಳಬೇಕು.